ಮುಕ್ಕುಂದದ ಎರೆ ಮಣ್ಣಿನಲ್ಲಿ ಎರಡು ತಾಸು

ಸಿಂಧನೂರು ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಮುಕ್ಕುಂದ ಇದೆ. ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆ. ಹೊಸಪೇಟೆಯ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆ ಈ ಸೀಮೆಯನ್ನು ಭತ್ತದ ನಾಡಾಗಿ ಮಾಡಿತು. ಆದರೆ ಮಣ್ಣು ಮಾತ್ರ ಹಳೆಯದೇ, ಅದೇ ಕಪ್ಪು ಎರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಈ ನೆಲ ನಾಲ್ಕು ಹನಿ ಮಳೆಗೆ ಉಬ್ಬಿ ಬೆಣ್ಣೆಯಾಗುತ್ತದೆ. ಇದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯ ಪದರಗಳ ನಡುವೆ ನೀರು ನುಗ್ಗುವುದೇ ಅದಕ್ಕೆ ಕಾರಣ. ತರಗತಿಯಲ್ಲಿ ಇದನ್ನು ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ. ಹಾಗಿದ್ದೂ ಕಳೆದ ಸೆಪ್ಟೆಂಬರಿನಲ್ಲಿ, ರಾತ್ರಿ ಮಳೆ ಬಿದ್ದ ಮರುದಿನ, ಹೊಳೆ ನೋಡಿಕೊಂಡು ಹಿಂದಿರುಗುವಾಗ ಹೊಲದ ದಾರಿಯೇ ಹತ್ತಿರ ಎಂದು ಹೇಳಿದವನೂ ನಾನೇ.

ಗಾಡಿ ನನ್ನ ಅಕ್ಕನ ಮಗನದು. ಹಳೆಯದಾದರೂ ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಸಿಗುವ ಜೀಪು. ಜೊತೆಗೆ ಮಗಳಿದ್ದಳು. ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಅವಳ ಎಂಜಿನಿಯರಿಂಗ್ ಸೀಟಿನ ದಾಖಲೆ ಪರಿಶೀಲನೆ, ಸಿಂಧನೂರಿನಿಂದ ರಾತ್ರಿ ಒಂಬತ್ತಕ್ಕೆ ಬಸ್ಸು. ಸಂಜೆ ಐದರ ಹೊತ್ತಿಗೆ ಗಾಡಿಯ ಬಲಗಡೆಯ ಎರಡೂ ಗಾಲಿಗಳು ದಾರಿ ಪಕ್ಕದ ಕೆಸರಿಗೆ ಜಾರಿದವು. ಎಡಗಾಲಿಗಳು ಗಟ್ಟಿ ಬದುವಿನ ಮೇಲೆಯೇ ಇದ್ದವು. ಅಳಿಯ ಎಂಜಿನ್ ರೊಯ್ಯೆನಿಸಿದ. ಬಲಗಾಲಿಗಳು ಗಿರಗಿರ ತಿರುಗಿ ಕೆಸರು ಹಾರಿಸಿದವು. ಎಡಗಾಲಿಗಳು ಕದಲಲೇ ಇಲ್ಲ.

'ಅಪ್ಪ, ಗಟ್ಟಿ ನೆಲದ ಮೇಲಿರೋ ಗಾಲಿ ಯಾಕೆ ಸುಮ್ಮನಿದೆ?' ಎಂದಳು ಮಗಳು.

'ಡಿಫರೆನ್ಷಿಯಲ್ ಇದೆಯಲ್ಲ, ಬಲವೆಲ್ಲ ಸುಲಭವಾಗಿ ತಿರುಗುವ ಗಾಲಿಗೆ ಹೋಗುತ್ತದೆ' ಎಂದೆ.

'ಬಲವೆಲ್ಲ ಅಲ್ಲಿಗೇ ಹೋದರೆ ಆ ಗಾಲಿಯಾದರೂ ಗಾಡಿಯನ್ನು ತಳ್ಳಬೇಕಲ್ಲ?'

ನನ್ನಲ್ಲಿ ಉತ್ತರವಿರಲಿಲ್ಲ.

ಡಿಫರೆನ್ಷಿಯಲ್ ಏಕೆ ಬೇಕೆಂಬುದು ಕಷ್ಟದ ವಿಷಯವಲ್ಲ. ಗಾಡಿ ಒಂದು ಪೂರ್ತಿ ಸುತ್ತು ಹಾಕಿತೆನ್ನಿ. ಎರಡು ಗಾಲಿಗಳ ನಡುವೆ 1.4 ಮೀಟರ್ ಅಂತರವಿದ್ದರೆ, ಹೊರಗಾಲಿ ಒಳಗಾಲಿಗಿಂತ 2 × 3.14 × 1.4, ಅಂದರೆ ಸುಮಾರು 8.8 ಮೀಟರ್ ಹೆಚ್ಚು ಓಡಬೇಕು. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಎರಡು ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದುಬಿಟ್ಟರೆ ತಿರುವಿನಲ್ಲಿ ಒಂದು ಗಾಲಿ ಉಜ್ಜಿಕೊಂಡೇ ಸಾಗಬೇಕು. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1877ರಲ್ಲಿ ಮೂರು ಗಾಲಿಯ ಸೈಕಲ್ಲಿಗೆ ಡಿಫರೆನ್ಷಿಯಲ್ ಅಳವಡಿಸಿದ್ದೂ ಈ ತೊಂದರೆಗಾಗಿಯೇ. ಆದರೆ ಮಗಳು ಕೇಳಿದ ಪ್ರಶ್ನೆ ಬೇರೆ.

ಅಷ್ಟರಲ್ಲಿ ಬದುವಿನ ಮೇಲೆ ಒಬ್ಬ ಹಿರಿಯ ರೈತರು ಬಂದರು. 'ಏನ್ರಿ ಮಾಸ್ತರ, ಎರಿ ಹೊಲದಾಗ ಮಳಿ ಆದ ಮ್ಯಾಲ ಗಾಡಿ ತರ್ತಾರೇನ್ರಿ?' ಎಂದು ನಕ್ಕು ಗಾಲಿಗಳನ್ನು ನೋಡಿದರು. 'ನೊಗ ನಡುವಿಗೆ ಕಟ್ಟಿರ್ತೀವಲ್ರಿ. ಒಂದೆತ್ತು ಕಾಲು ಜಾರಿ ನಿಂತ್ರ ನೊಗ ಹೊಳ್ಳತೈತಿ, ಇನ್ನೊಂದೆತ್ತು ಎಷ್ಟ್ ಜಗ್ಗಿದ್ರೂ ಬಂಡಿ ಬರಂಗಿಲ್ಲ. ಇದೂ ಹಂಗ.'

ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಡಿಫರೆನ್ಷಿಯಲ್ ಬಲವನ್ನು ಒಂದೇ ಕಡೆಗೆ ಕಳಿಸುವುದಿಲ್ಲ, ಎರಡೂ ಕಡೆಗೆ ಸಮವಾಗಿ ಹಂಚುತ್ತದೆ. ಕೆಸರಿನ ಗಾಲಿ ತಿರುಗಲು ಬೇಕಾದ ಬಲ ಅತ್ಯಲ್ಪ. ಆದ್ದರಿಂದ ಗಟ್ಟಿ ನೆಲದ ಗಾಲಿಗೂ ಸಿಗುವುದು ಅಷ್ಟೇ ಅತ್ಯಲ್ಪ. ಮುಂದಿನ ಅಚ್ಚಿನಲ್ಲೂ ಇದೇ ಕಥೆ. ನಾಲ್ಕು ಗಾಲಿಯ ಬಲದ ಗಾಡಿ ಎರಡು ಗಾಲಿಯ ಕೆಸರಿನಲ್ಲಿ ಸೋಲುವುದು ಹೀಗೆ. ನೊಗ ಹೊರಳದಂತೆ ಬಿಗಿದುಬಿಡುವುದೇ ಡಿಫರೆನ್ಷಿಯಲ್ ಲಾಕ್. ರೈತರ ಟ್ರ್ಯಾಕ್ಟರಿನಲ್ಲಿ ಅದಕ್ಕೊಂದು ಪೆಡಲ್ ಇರುತ್ತದೆ. ನಮ್ಮ ಗಾಡಿಯಲ್ಲಿ ಹಿಂದಿನ ಅಚ್ಚಿಗೆ ಒಂದು ಲಿವರ್ ಇತ್ತು.

ಅಳಿಯ ಗಾಲಿ ತಿರುಗುತ್ತಿದ್ದಂತೆಯೇ ಲಿವರ್ ಎಳೆಯಲು ಹೋದ. ತಡೆದೆ. ಲಾಕ್ ಎಂದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಕೂಡಿಕೊಳ್ಳುವುದು. ಒಂದು ಗಾಲಿ ಜೋರಾಗಿ ತಿರುಗುವಾಗ ಕೂಡಿಸಹೊರಟರೆ ಹಲ್ಲು ಮುರಿದೀತು. ಗಾಡಿ ನಿಲ್ಲಿಸಿ ಎಳೆದ. ಲಿವರ್ ಬಂತು, ಮುಂದಿನ ದೀಪ ಹತ್ತಲಿಲ್ಲ.

ಮೂರು ಸಾಧ್ಯತೆಗಳಿದ್ದವು: ಹಲ್ಲಿಗೆ ಹಲ್ಲು ಎದುರಾಗಿ ನಿಂತಿರಬಹುದು, ದೀಪ ಸುಳ್ಳು ಹೇಳುತ್ತಿರಬಹುದು, ಇಲ್ಲವೇ ಲಿವರಿನ ಎಳೆತ ಅಚ್ಚಿನವರೆಗೆ ಮುಟ್ಟಿಲ್ಲ. ಮೊದಲ ಗೇರಿನಲ್ಲಿ ಗಾಲಿಯನ್ನು ತುಸುವೇ ತಿರುಗಿಸಿ ನೋಡಿದೆವು. ಈಗಲೂ ಒಂದೇ ತಿರುಗಿತು. ದೀಪದ ತಪ್ಪಲ್ಲ, ಹಲ್ಲು ಎದುರಾದದ್ದೂ ಅಲ್ಲ ಎಂದಾಯಿತು. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟೆವು. ಕೆಸರಿನಲ್ಲಿ ಹೂತ ಗಾಡಿಯ ಅಡಿಗೆ ಯಾರೂ ನುಗ್ಗಬಾರದು, ಅದು ಯಾವಾಗ ಕುಸಿಯುತ್ತದೋ ಹೇಳಲಾಗದು. ಮಗಳು ಬದುವಿನ ಕಡೆಯಿಂದ ಬಗ್ಗಿ ಟಾರ್ಚ್ ಹಿಡಿದಳು. ಅಳಿಯ ಲಿವರ್ ಎಳೆದಾಗ ಅಚ್ಚಿನ ಮೇಲಿನ ಚಿಕ್ಕ ತೋಳು ಅರ್ಧಕ್ಕೇ ನಿಲ್ಲುತ್ತಿತ್ತು. ಅದರ ಸಂದಿಯಲ್ಲಿ ಒಣಗಿ ಕಲ್ಲಾಗಿದ್ದ ಹಳೆಯ ಎರೆ ಮಣ್ಣು, ಜೊತೆಗೆ ಭತ್ತದ ಹುಲ್ಲು. ಲಾಕನ್ನು ಎರಡು ವರ್ಷದಿಂದ ಮುಟ್ಟೇ ಇರಲಿಲ್ಲವಂತೆ!

ಅವಳು ಪಕ್ಕದಿಂದಲೇ ಕೈಚಾಚಿ, ಬಾಟಲಿಯ ನೀರು ಹಾಕುತ್ತ, ಸ್ಕ್ರೂಡ್ರೈವರಿನಿಂದ ಕೆದಕಿದಳು. ಅರ್ಧ ತಾಸಾಯಿತು. ಕತ್ತಲಾಗುತ್ತಿತ್ತು. ರೈತರು 'ಟ್ರ್ಯಾಕ್ಟರ್ ತರ್ಲೇನ್ರಿ?' ಎಂದು ಎರಡು ಸಲ ಕೇಳಿದರು. ಇನ್ನೊಂದು ಸಲ ನೋಡೋಣ ಎಂದು ಲಿವರ್ ಎಳೆದು, ಗಾಲಿಯನ್ನು ಕಾಲು ಸುತ್ತು ತಿರುಗಿಸಿದ್ದೇ ತಡ, 'ಟಕ್' ಎಂದಿತು. ದೀಪ ಹತ್ತಿತು. ಕಲ್ಲು ತೆಗೆದು, ಎಲ್ಲರನ್ನೂ ದೂರ ನಿಲ್ಲಿಸಿ, ಕೆಳಗಿನ ಗೇರಿನಲ್ಲಿ ಮೆಲ್ಲಗೆ ಬಿಟ್ಟರೆ ಎಡಗಾಲಿ ಬದುವನ್ನು ಕಚ್ಚಿತು. ಗಾಡಿ ನೆಟ್ಟಗೆ ಮೇಲೆ ಬಂತು.

ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೊಂದು ಪಜೀತಿ. ಲಿವರ್ ಬಿಟ್ಟರೂ ದೀಪ ಆರದು. ತಿರುವಿನಲ್ಲಿ ಟೈರು ಕಿರ್ರೆಂದಿತು. ಎರಡೂ ಗಾಲಿಗಳು ಜಾರದೆ ಗಟ್ಟಿ ನೆಲ ಹಿಡಿದಾಗ ಅಚ್ಚು ಹಗ್ಗದಂತೆ ತಿರುಚಿಕೊಂಡು, ಹಲ್ಲುಗಳು ಬಿಗಿಯಾಗಿ ಸಿಕ್ಕಿರುತ್ತವೆ. ಸ್ಟೀರಿಂಗ್ ನೆಟ್ಟಗೆ ಹಿಡಿದು ಎರಡು ಮೀಟರ್ ಹಿಂದಕ್ಕೆ ಬಂದೆವು. ತಿರುಚು ಸಡಿಲಿ ದೀಪ ಆರಿತು.

ಒಂಬತ್ತರ ಬಸ್ಸು ಹೊರಡುವ ಹೊತ್ತಿಗೆ ನಾವು ನಿಲ್ದಾಣದಲ್ಲಿದ್ದೆವು. ಮಗಳ ಉಗುರುಸಂದಿಯಲ್ಲಿ ಎರೆ ಹಾಗೆಯೇ ಇತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, 'ಮಾವನ ಗಾಡಿಯ ಲಾಕನ್ನು ತಿಂಗಳಿಗೊಮ್ಮೆಯಾದರೂ ಹಾಕಿ ತೆಗೆಯೋಕೆ ಹೇಳಪ್ಪ' ಎಂದಳು.