ಫೋಟೋದೊಳಗಿನ ಚರ್ಮ



ಹೋದ ವಾರ ಗಾಜಿನ ಮೇಲೆ ತೆಗೆದ ಒಂದು ಫೋಟೋ ಹಾಕಿದ್ದೆ. ಯಲಬುರ್ಗಾ ತಾಲೂಕಿನ ನಮ್ಮ ದೊಡ್ಡವ್ವ ಬೇವಿನ ಗಿಡದ ನೆರಳಾಗ ಕುಂತಿದ್ದು. ಭಾಳ ಮಂದಿ ಇನ್‌ಬಾಕ್ಸಿಗೆ ಬಂದು ಕೇಳಿದ್ರು, "ಸರ್, ಕೈಯಾಗ ಮೊಬೈಲ್ ಐತಿ, ಇದ್ಯಾಕ ಬೇಕು?" ಒಬ್ಬ ಸಂಗಾತಿ ಇನ್ನೂ ನೇರವಾಗಿ ಕೇಳಿದ, "ಅಣ್ಣಾ, ಹೋರಾಟ ಬಿಟ್ಟು ಹವ್ಯಾಸ ಹಿಡದೀರೇನು?" ಕಾಮೆಂಟಿನಲ್ಲಿ ಮುಗಿಯೋ ಉತ್ತರ ಅಲ್ಲ ಅದು. ಪುರುಸೊತ್ತಿದ್ದವರು ಓದ್ರಿ.

ಮೊದಲು ಕ್ಯಾಮೆರಾ. ಗಂಗಾವತಿಯ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಹಳೇ ಕೊಡಕ್, 1ಎ ಅಳತೆಯದು. ಮುಚ್ಚಿದರೆ ಚಪ್ಪಟೆ ಡಬ್ಬಿ, ಬಾಗಿಲು ತೆರೆದು ಲೆನ್ಸ್ ಎಳೆದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಬೇಕಾದ್ದು 116 ನಂಬರಿನ ರೋಲ್ ಫಿಲ್ಮ್. 1899ರಲ್ಲಿ ಬಂದ ಆ ರೋಲನ್ನು ಕೊಡಕ್ 1984ರಲ್ಲಿ ನಿಲ್ಲಿಸಿತು. ಶಟರ್ ಟಕ್ ಅಂತ ಬೀಳ್ತದ, ಲೆನ್ಸ್ ಸ್ವಚ್ಛ ಐತಿ, ಒಳಗ ಹಾಕಾಕ ಮಾತ್ರ ಏನೂ ಇಲ್ಲ. ಅದಕ್ಕೇ ಅದು ಗುಜರಿಗೆ ಬಂದಿತ್ತು.

ರೋಲಿಗಿಂತ ಮೊದಲು ಜಗತ್ತು ಫೋಟೋ ತೆಗೆದದ್ದು ಹೆಚ್ಚಾಗಿ ಗಾಜಿನ ಪ್ಲೇಟಿನ ಮೇಲೆ. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮ್ಯಾಡಾಕ್ಸ್ ಅನ್ನೋ ಡಾಕ್ಟರ್ ಜೆಲಾಟಿನ್‌ನಲ್ಲಿ ಬೆಳ್ಳಿಯ ಉಪ್ಪು ಕೂಡಿಸಿ ಗಾಜಿಗೆ ಹಚ್ಚಿ ಒಣಗಿಸುವ ದಾರಿ ತೋರಿಸಿದ. ರೋಲ್ ಬಂದ ಮೇಲೂ ಕೊಡಕ್ ಕಂಪನಿನೇ ತನ್ನ 3ಎ ಮಡಚುವ ಕ್ಯಾಮೆರಾಕ್ಕೆ ಪ್ಲೇಟ್ ಹಾಕುವ ಬೇರೆ ಬೆನ್ನು ಮಾರುತ್ತಿತ್ತು. ಅಂದ್ರ ನಾನು ಮಾಡಿದ್ದು ಹೊಸದಲ್ಲ, ಕೈಬಿಟ್ಟದ್ದನ್ನ ಮತ್ತೆ ಎತ್ತಿಕೊಂಡದ್ದು.

ಕೆಲಸ ಹೀಗೆ. ಕ್ಯಾಮೆರಾದ ಬೆನ್ನು ತೆಗೆದ್ರ ಒಳಗ ಫಿಲ್ಮ್ ಹಾಸಿಕೊಳ್ಳುವ ಎರಡು ಅಂಚು ಕಾಣ್ತಾವು. ಚಿತ್ರ ಸ್ಪಷ್ಟ ಮೂಡುವ ಜಾಗ ಅದೇ. ಅಲ್ಲಿ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ, ಶಟರ್ ತೆರೆದಿಟ್ಟು, ತಲೆ ಮೇಲೆ ಕರಿ ಕಂಬಳಿ ಹೊದ್ದು ನೋಡಿದೆ. ಲೋಕ ತಲೆಕೆಳಗಾಗಿ ಕಂಡಿತು. ಕುರ್ಚಿ ಎಷ್ಟು ದೂರ ಇದ್ದರೆ ಮುಖ ಸ್ಪಷ್ಟ ಅಂತ ಟೇಪಿನಿಂದ ಅಳೆದು ಬರೆದುಕೊಂಡೆ. ಕೊಪ್ಪಳದ ಗಾಜಿನ ಅಂಗಡಿಯಲ್ಲಿ ಫೋಟೋ ಫ್ರೇಮಿಗೆ ಹಾಕುವ ಎರಡು ಮಿಲಿಮೀಟರ್ ಗಾಜನ್ನೇ ಆ ಅಂಚುಗಳ ಮೇಲೆ ಕೂಡುವ ಹಾಗೆ ಕತ್ತರಿಸಿಕೊಂಡೆ. ಮಸಾಲೆ ಹಚ್ಚಿದ ಬದಿ ಲೆನ್ಸಿಗೆ ಮುಖ ಮಾಡಬೇಕು. ಕತ್ತಲಲ್ಲಿ ಗೊತ್ತಾಗೋದು ಹೆಂಗ? ಮೂಲೆಗೆ ಒದ್ದಿ ಬೆರಳು ಇಟ್ಟರೆ ಅಂಟುವ ಬದಿಯೇ ಅದು. ಹಿಂದೆ ತೆಳು ಸ್ಪಂಜು ಇಟ್ಟು ಬೆನ್ನು ಮುಚ್ಚಬೇಕು. ರೋಲಿನ ನಂಬರ್ ನೋಡುವ ಕೆಂಪು ಕಿಂಡಿಗೆ ಕರಿ ಟೇಪ್. ಹೀಗೆ ಮಾಡಿದ್ರ ಒಂದು ಸಲಕ್ಕೆ ಒಂದೇ ಫೋಟೋ, ಆಮೇಲೆ ಮತ್ತೆ ಕತ್ತಲಕೋಣೆ.

ಮರದ ಚೌಕಟ್ಟು ಮಾಡಿ ಹಿಂದೆ ಸಿಗಿಸಿದರೆ ಪ್ಲೇಟು ಬೇಗ ಬೇಗ ಬದಲಿಸಬಹುದು. ಆದರೆ ಗಾಜು ಹಿಂದಕ್ಕೆ ಸರಿಯುತ್ತದೆ. ನಾಲ್ಕು ಮಿಲಿಮೀಟರ್ ಸರಿದರೂ 130 ಮಿಲಿಮೀಟರ್ ಲೆನ್ಸಿನಲ್ಲಿ ದೂರದ ಗುಡ್ಡ ಮಸುಕಾಗಿ, ನಾಲ್ಕು ಮೀಟರಿಗಿಂತ ತುಸು ಆಚೆ ಕುಂತವರು ಸ್ಪಷ್ಟ ಬರ್ತಾರೆ. ನನಗ ಗುಡ್ಡ ಬೇಕಾಗಿಲ್ಲ, ಮಂದಿ ಬೇಕು. ಆದರೂ ಸದ್ಯ ಒಂದೊಂದೇ ಪ್ಲೇಟು ಸಾಕು ಅನ್ನಿಸೇತಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಆ ಮಡಿಕೆ ತಿದಿ ಚರ್ಮದ್ದು. ಕತ್ತಲಕೋಣೆಯಲ್ಲಿ ಅದರೊಳಗೆ ಮೊಬೈಲ್ ಟಾರ್ಚ್ ಹಾಕಿದರೆ ಮೂಲೆಮೂಲೆಗೆ ಚುಕ್ಕಿ ತೂತು. ಒಂದು ತೂತಿದ್ದರೂ ಪ್ಲೇಟು ಹಾಳು. ಕುಷ್ಟಗಿಯಲ್ಲಿ ಚಪ್ಪಲಿ ಹೊಲಿಯುವ ನಮ್ಮ ಕಾಕಾನ ಹತ್ರ ಒಯ್ದೆ. ಬೆರಳಿಂದ ಸವರಿ, ಮೂಸಿ ನೋಡಿ ಅಂದ್ರು, "ಎಳೀ ಚರ್ಮ ಐತಿ ತಮ್ಮಾ, ದಪ್ಪ ತೇಪಿ ಹಚ್ಚಿದ್ರ ಮಡಚಂಗಿಲ್ಲ." ಮೇಕೆ ಚರ್ಮದ ತುಂಡು ತಗೊಂಡು ರಂಪಿಗೆಯಿಂದ ಅದನ್ನ ಈರುಳ್ಳಿ ಸಿಪ್ಪೆಯಷ್ಟು ತೆಳು ಮಾಡಿ ಒಳಗಿನಿಂದ ಅಂಟಿಸಿದರು. ಇವತ್ತಿಗೂ ಒಂದು ಚುಕ್ಕಿ ಬೆಳಕು ಒಳಗೆ ಬಂದಿಲ್ಲ. ಅವರ ಕೈಯ ಆ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ, ಯಾವ ಸರ್ಟಿಫಿಕೇಟೂ ಅದಕ್ಕಿಲ್ಲ.

ತಿದಿ ಅಷ್ಟೇ ಅಲ್ಲ. ಗಾಜಿಗೆ ಹಚ್ಚುವ ಜೆಲಾಟಿನ್ ಅಂದರೆ ಏನು? ದನದ ಚರ್ಮ, ಎಲುಬು ಕುದಿಸಿ ತೆಗೆದ ಅಂಟು. ಕೊಡಕ್ ಇರಲಿ, ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ಥಾನ್ ಫೋಟೋ ಫಿಲ್ಮ್ಸಿನ 'ಇಂದು' ಫಿಲ್ಮ್ ಇರಲಿ, ಎಲ್ಲದರ ಮೈಮೇಲೂ ಇದೇ ಜೆಲಾಟಿನ್. 1925ರ ಹೊತ್ತಿಗೆ ಕೊಡಕ್‌ನ ವಿಜ್ಞಾನಿ ಶೆಪರ್ಡ್ ಕಂಡುಹಿಡಿದದ್ದು, ಆ ಜೆಲಾಟಿನ್‌ನಲ್ಲಿರುವ ಚೂರೇ ಚೂರು ಗಂಧಕದ ಅಂಶದಿಂದ ಫಿಲ್ಮು ಚುರುಕಾಗ್ತದೆ ಅಂತ. ದನ ತಿಂದ ಸಾಸಿವೆಯಂಥ ಗಿಡದಿಂದ ಅದು ಬರ್ತಿತ್ತಂತೆ. 1930ರಲ್ಲಿ ಕೊಡಕ್ ಒಂದು ಅಂಟಿನ ಕಾರ್ಖಾನೆಯನ್ನೇ ಕೊಂಡುಕೊಂಡಿತು.

ಒಂದು ಸಲ ಯೋಚನೆ ಮಾಡ್ರಿ. ಫಿಲ್ಮಿನ ಕಾಲದಲ್ಲಿ ದೊಡ್ಡ ಮನೆಗಳ ಪಡಸಾಲೆಯಲ್ಲಿ ತೂಗಿದ ಮದುವೆ ಫೋಟೋ, ಹಾರ ಹಾಕಿದ ಹಿರಿಯರ ಫೋಟೋ, ಸ್ವಾಮಿಗಳ ಫೋಟೋ, ಎಲ್ಲವೂ ಸತ್ತ ದನದ ಚರ್ಮ-ಎಲುಬಿನ ಅಂಟಿನಲ್ಲೇ ನಿಂತಿದ್ದವು. ಆ ಚರ್ಮ ಮುಟ್ಟಿದವ ಹೊಸ್ತಿಲ ಹೊರಗ, ಅದರ ಅಂಟು ದೇವರ ಜಗಲಿ ಮ್ಯಾಲ. ಫೋಟೋ ಯಾರನ್ನೂ ಮೈಲಿಗೆ ಮಾಡಲಿಲ್ಲ. ಮೈಲಿಗೆ ಚರ್ಮದಾಗ ಇರಲಿಲ್ಲ ಅನ್ನಾಕ ಇದಕ್ಕಿಂತ ಸಾಕ್ಷಿ ಬೇಕಾ? ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬೆಳಕು ಹಾಯುವಷ್ಟು ತೆಳುವಾದ ಚರ್ಮದ ಗೊಂಬೆಯನ್ನ ಪರದೆ ಮೇಲೆ ಕುಣಿಸಿದ ಜೀವ ಅದು. ಚರ್ಮಕ್ಕೂ ಬೆಳಕಿಗೂ ಇರುವ ನಂಟು ನಮ್ಮ ಮಂದಿಗೆ ಕೊಡಕ್ ಹೇಳಿಕೊಡಬೇಕಾಗಿರಲಿಲ್ಲ.

ಜೆಲಾಟಿನ್‌ಗೆ ಕೂಡಿಸುವ ಇನ್ನೊಂದು ವಸ್ತು ಸಿಲ್ವರ್ ನೈಟ್ರೇಟ್. ಕೈಗವಸು ಹಾಕ್ಕೊಂಡೇ ಮುಟ್ರಿ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಬೆರಳಿಗೆ ತಾಗಿದರೆ ಕರಿ ಕಲೆ ಹೋಗೋದಿಲ್ಲ. ನಮ್ಮ ಆಫೀಸಿನವರು "ಎಲೆಕ್ಷನ್ ಯಾವಾಗಾತ್ರೀ?" ಅಂತ ನಕ್ಕರು. ಅವರು ನಕ್ಕದ್ದರಾಗೂ ಖರೇ ಐತಿ. 1962ರಿಂದ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಮಾಡಿಕೊಡುವ ಮತದಾನದ ಶಾಯಿಯಲ್ಲಿರೋದೂ ಇದೇ ಬೆಳ್ಳಿ ಉಪ್ಪು.

ಇನ್ನು ಕಪ್ಪು ಬಣ್ಣದ ಮಾತು. ಇಂಥ ಸಾದಾ ಪ್ಲೇಟಿಗೆ ನೀಲಿ ಬೆಳಕು ಕಾಣ್ತದ, ಕೆಂಪು ಕಾಣೋದಿಲ್ಲ. ಅದಕ್ಕೇ ಕೆಂಪು ದೀಪದಾಗ ಕೆಲಸ ಮಾಡಬಹುದು. ಆದರೆ ನಮ್ಮ ಕಂದು ಮೈಬಣ್ಣದಲ್ಲಿ ಇರೋದು ಕೆಂಪೇ ಹೆಚ್ಚು. ಹಂಗಾಗಿ ಮುಖ ಇದ್ದದ್ದಕ್ಕಿಂತ ಕಪ್ಪಾಗಿ ಮೂಡುತ್ತದೆ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದು ಜಾತಿ ಜಾತಿಯ ಮಾದರಿ ಫೋಟೋ ಅಂಟಿಸಿತು. 1909ರಲ್ಲಿ ಮದ್ರಾಸಿನ ಥರ್ಸ್ಟನ್ ಮೂಗು, ತಲೆ ಅಳೆದು ಏಳು ಸಂಪುಟ ಬರೆದ. ಎದುರಿಗೆ ನಿಂತವರನ್ನ "ಹೆಂಗ ಕುಂದರ್ತೀರಿ?" ಅಂತ ಆ ಕೆಲಸ ಕೇಳೋದಿಲ್ಲ. ಮಾದರಿಗೆ ಹೆಸರೂ ಬೇಕಾಗೋದಿಲ್ಲ. ಆ ಹಳೇ ಚಿತ್ರ ನೋಡುವಾಗ ಇಷ್ಟು ನೆನಪಿರಲಿ: ಆ ಕಪ್ಪಿನಲ್ಲಿ ಪ್ಲೇಟಿನ ಕುರುಡೂ ಒಂದಷ್ಟು ಐತಿ.

ನಾನು ಬಿಸಿಲು ಬಿಟ್ಟು ನೆರಳಿನಲ್ಲಿ ಕೂಡಿಸ್ತೀನಿ, ಎರಡು ಸೆಕೆಂಡಿನ ಜಾಗಕ್ಕೆ ಮೂರು ಕೊಡ್ತೀನಿ. ಆಗ ಮುಖದ ಗೆರೆಗಳು ತೆರೆದುಕೊಳ್ತಾವು. ದೊಡ್ಡವ್ವ ಕೋಲು ಹಿಡಿದೇ ಕುಂದರ್ತೀನಿ ಅಂದ್ಲು, ಸೆರಗು ತಲಿಮ್ಯಾಲ ಬ್ಯಾಡ ಅಂದ್ಲು. ಹಂಗೇ ತೆಗೆದೆ.

ಹೋರಾಟ ಬಿಟ್ಟಿರೇನು ಅಂದ ಸಂಗಾತಿಗೆ ಇನ್ನೊಂದು ಪ್ರಶ್ನೆ ಇತ್ತು. 1927ರಲ್ಲಿ ಮಹಾಡದಾಗ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡ್ರಿ ಅಂದ್ರು, ನೀವು ಮತ್ತೆ ಚರ್ಮದ ಮಾತು ಎತ್ತೀರಲ್ಲ ಅಂತ. ತಮ್ಮಾ, ಹೇರಿದ ಕೆಲಸ ಬಿಡಬೇಕು, ಬಿಟ್ಟೀವಿ, ಇನ್ನೂ ಬಿಡಿಸಬೇಕು. ಆದರೆ ಆ ಕೆಲಸದಾಗ ನಮ್ಮ ಹಿರಿಯರು ಕಲಿತ ವಿದ್ಯೆ ನಮ್ಮದು. ಅವಮಾನ ಹೇರಿದವರದು. ವಿದ್ಯೆಯನ್ನೂ ಅವಮಾನದ ಜೊತೆ ಕಟ್ಟಿ ಯಾಕ ಒಗೀಬೇಕು?

ನಮ್ಮ ಕೇರಿಯ ಮನೆಗಳಲ್ಲಿ ಗೋಡೆ ಮ್ಯಾಲ ಬಾಬಾಸಾಹೇಬರ ಫೋಟೋ ಐತಿ. ಅಜ್ಜ-ಅಜ್ಜಿಯದು ಎಷ್ಟು ಮನೆಯಾಗ ಐತಿ? ನನ್ನ ಅಜ್ಜನದು ಒಂದೂ ಇಲ್ಲ. ಈಗಿನ ಹಿರಿಯರದು ಇದ್ದರೆ ಆಧಾರ್ ಕಾರ್ಡಿನಲ್ಲಿ, ಗಾಬರಿಯಾದ ಮುಖ. ಮೊಬೈಲಿನಲ್ಲಿ ತೆಗೆದದ್ದು ಮೊಬೈಲ್ ಕೆಟ್ಟ ದಿನ ಹೋಯ್ತು. ಗಾಜಿನ ಪ್ಲೇಟು ಒಡೆಯದಿದ್ದರೆ ನೂರು ವರ್ಷ ದಾಟಿ ನಿಲ್ತದ, ನಿಂತದ್ದೂ ಐತಿ.

ನಮ್ಮ ಬೇಸಿಗೆಯಲ್ಲಿ ಜೆಲಾಟಿನ್ ಗಾಜು ಬಿಟ್ಟು ಎದ್ದು ಬರ್ತದ. ಅದಕ್ಕೆ ಗಡಿಗೆ ನೀರಿನಾಗ ತೊಳೆಯೋದು, ಚಳಿಗಾಲದ ರಾತ್ರಿ ಕೆಲಸ ಮಾಡೋದು ಅಂತ ಇಟ್ಟುಕೊಂಡೀನಿ. ಡಿಸೆಂಬರ್, ಜನವರಿಯ ಭಾನುವಾರ ಏಳೂ ತಾಲೂಕಿಗೆ ಬರ್ತೀನಿ. ರೊಕ್ಕ ಬ್ಯಾಡ. ಮನೆಯ ಹಿರಿಯರ ಹೆಸರು ಬರೆದು ಕಳಿಸ್ರಿ, ಅವರು ಹೆಂಗ ಕುಂದರ್ತಾರೆ ಅಂತ ಅವರನ್ನೇ ಕೇಳಿ ಇಡ್ರಿ. ಕಲಿಯೋ ಹುಡುಗ-ಹುಡುಗಿಯರು ಇದ್ರ ಜೊತೆಗೆ ಬರ್ರಿ, ಕತ್ತಲಕೋಣೆಯಾಗ ಇಬ್ಬರಿಗೆ ಜಾಗ ಐತಿ.

ಜೈ ಭೀಮ್.