ಹೊಳಲ್ಕೆರೆಯ ಮೇಲೆ, ಮೋಡದ ಕೆಳಗೆ

ಹೆಡ್‌ಸೆಟ್ ಎರಡೂ ಕಿವಿಗಳನ್ನು ಅದುಮಿ ಹಿಡಿದಿದೆ. ಅದರ ಅಂಚಿನಿಂದ ಬೆವರು ಕತ್ತಿಗೆ ಇಳಿಯುತ್ತಿದೆ, ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ. ಸೆಸ್ನಾ 172ರ ಇಕ್ಕಟ್ಟಿನೊಳಗೆ ಪೆಟ್ರೋಲಿನ ವಾಸನೆ, ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ. ಪಕ್ಕದ ಸೀಟು ಖಾಲಿ. ಜಕ್ಕೂರು ಬಿಟ್ಟು ಒಂದು ಗಂಟೆಯಾಗುತ್ತ ಬಂತು. ಸೇರಬೇಕಾದದ್ದು ಶಿವಮೊಗ್ಗ.

ನೇರ ದಾರಿ ಇದಲ್ಲ. ಹೆದ್ದಾರಿಯ ಗುರುತು ಹಿಡಿದು ತುಮಕೂರು, ಶಿರಾ, ಹಿರಿಯೂರು ಎಂದು ಸುತ್ತಿಕೊಂಡು ಬಂದಿದ್ದೀರಿ. ಇದು ವಿಎಫ್‌ಆರ್, ಕಣ್ಣನ್ನೇ ನೆಚ್ಚಿದ ಹಾರಾಟ. 5 ಕಿಲೋಮೀಟರ್ ಮುಂದಕ್ಕೆ ಕಾಣುತ್ತಿರಬೇಕು. ಮೋಡದಿಂದ ಮೇಲೆ ಕೆಳಗೆ 1,000 ಅಡಿ, ಅಡ್ಡಕ್ಕೆ 1,500 ಮೀಟರ್ ದೂರವಿರಬೇಕು. ಹಿರಿಯೂರಿನ ಹತ್ತಿರ ಎಡಕ್ಕೆ ವಾಣಿವಿಲಾಸ ಸಾಗರದ ನೀರು ಥಳಥಳಿಸಿತ್ತು. 1933ರ ಮೇಲೆ 2022ರಲ್ಲಿ ಮತ್ತೆ ಕೋಡಿ ಬಿದ್ದ ಆ ನೀರನ್ನು ನೋಡುತ್ತ ಕೂರುವ ಆಸೆಯನ್ನು ತಡೆದುಕೊಂಡಿರಿ. ಬಲಕ್ಕೆ, ದೂರದಲ್ಲಿ, ಚಳ್ಳಕೆರೆಯ ಬಯಲು. ಅಲ್ಲಿ ಡಿಆರ್‌ಡಿಒ 2017ರಲ್ಲಿ ತೆರೆದ ಪರೀಕ್ಷಾ ನೆಲೆಯಿದೆ, ಪೈಲಟ್ ಇಲ್ಲದ ವಿಮಾನಗಳು ಏಳುವ ಜಾಗ. ಅಂಥದ್ದೊಂದು, ತಪಸ್, 2023ರ ಆಗಸ್ಟ್‌ನಲ್ಲಿ ಇದೇ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತ್ತು. ಆ ಕಡೆ ಮೂತಿ ತಿರುಗದಂತೆ ಕೈ ತಾನಾಗಿಯೇ ಎಚ್ಚರವಹಿಸುತ್ತದೆ.

ಬೆಂಗಳೂರಿನ ಕಂಟ್ರೋಲರ್ ಕೊನೆಯ ಸಲ ಮಾತಾಡಿದ್ದು ಹಿರಿಯೂರು ದಾಟಿದಾಗ. "ಶಿವಮೊಗ್ಗ ಟವರ್ ಕರೆಯಿರಿ ಸರ್, ನಮಸ್ಕಾರ." ತರಂಗಾಂತರದ ಅಂಕಿಗಳನ್ನು ಒಂದೊಂದಾಗಿ ಮರಳಿ ಹೇಳಿದಿರಿ. ಇದು ಶಿಷ್ಟಾಚಾರಕ್ಕೆ ಮಾಡುವ ಕೆಲಸವಲ್ಲ. 1977ರಲ್ಲಿ ಟೆನೆರಿಫ್‌ನ ರನ್‌ವೇ ಮೇಲೆ ಎರಡು ಜಂಬೋಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಒಬ್ಬ ಹೇಳಿದ್ದು ಇನ್ನೊಬ್ಬನ ಕಿವಿಗೆ ಬೇರೆಯಾಗಿ ಬಿದ್ದಿತ್ತು. ಕೇಳಿದ್ದನ್ನು ಕೇಳಿದ ಹಾಗೆಯೇ ಮರಳಿ ಒಪ್ಪಿಸುವ ಕಟ್ಟುನಿಟ್ಟು ಬಂದದ್ದು ಆ ಹೆಣಗಳ ಮೇಲೆ.

"ಶಿವಮೊಗ್ಗ ಟವರ್, ನಮಸ್ಕಾರ." ಸರಬರ ಸದ್ದಿನ ನಡುವೆ ಹೆಣ್ಣುದನಿಯೊಂದು ಬರುತ್ತದೆ. ನಿಧಾನದ, ಸ್ಪಷ್ಟ ದನಿ. ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟದ ಲೆಕ್ಕದ ಗಾಳಿಯ ಒತ್ತಡ, 1006 ಎನ್ನುತ್ತಾರೆ. ಎತ್ತರದ ಮೀಟರಿನ ಗುಂಡಿ ತಿರುಗಿಸಿ 1006ಕ್ಕೆ ತಂದು, ಓದಿ ಹೇಳುತ್ತೀರಿ. ಇಲ್ಲಿ ಹತ್ತು ಹೆಕ್ಟೊಪ್ಯಾಸ್ಕಲ್ ತಪ್ಪಿದರೂ ಮೀಟರು ಸುಮಾರು 300 ಅಡಿ ಸುಳ್ಳು ಹೇಳುತ್ತದೆ. ಕೆಳಗೆ ಜೋಗಿಮಟ್ಟಿಯ ಸಾಲು, ಗುಡ್ಡದ ನೆತ್ತಿಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆ. ಮದಕರಿ ನಾಯಕರ ಕೋಟೆ ಇಷ್ಟು ಎತ್ತರದಿಂದ ಬಂಡೆಗಳ ರಾಶಿಯಲ್ಲಿ ಕರಗಿಹೋಗಿದೆ, ಏಳು ಸುತ್ತು ಎಣಿಸಲಾಗದು.

"ಶಿವಮೊಗ್ಗದಿಂದ 25 ಮೈಲಿ ಇದ್ದಾಗ ತಿಳಿಸಿ."

ತಿಳಿಸುತ್ತೇನೆ, ಎನ್ನುತ್ತೀರಿ.

ಆಮೇಲೆ ಮೋಡ.

ಮೊದಲು ಅದು ಪಶ್ಚಿಮದಂಚಿಗೆ ಎಳೆದ ಬೂದು ಗೆರೆ, ಅಷ್ಟೆ. ಭೀಮಸಮುದ್ರದ ಕೆರೆ, ಅದರ ಸುತ್ತಿನ ಅಡಿಕೆ ತೋಟ ದಾಟುವಷ್ಟರಲ್ಲಿ ಗೆರೆ ಗೋಡೆಯಾಗಿದೆ. ನೀವು ಸಮುದ್ರಮಟ್ಟದಿಂದ 6,500 ಅಡಿಯಲ್ಲಿದ್ದೀರಿ, ಮೋಡದ ತಳ ಅದಕ್ಕಿಂತ ಕೆಳಗಿದೆ. ಇಳಿಯುವುದಾಗಿ ಟವರಿಗೆ ಹೇಳಿ 4,500ಕ್ಕೆ ಬರುತ್ತೀರಿ. ಅಲ್ಲೂ ಚೂರು ಚೂರು ಮೋಡ ರೆಕ್ಕೆಯ ಕೆಳಗೆ ಹಾಯುತ್ತದೆ. ಇನ್ನೂ ಸ್ವಲ್ಪ ಇಳಿಯುತ್ತೀರಿ. 4,000. 3,600. ವಿಮಾನ ಕುಲುಕುತ್ತದೆ, ಬೆಲ್ಟು ಹೊಟ್ಟೆಗೆ ಕಚ್ಚುತ್ತದೆ. ಗಾಜಿನ ಮೇಲೆ ಮೊದಲ ಹನಿಗಳು ಬಿದ್ದು ಹಿಂದಕ್ಕೆ ಓಡುತ್ತವೆ. ಕಿಂಡಿಯಿಂದ ನುಗ್ಗುವ ಗಾಳಿಗೆ ಹಸಿಮಣ್ಣಿನ ವಾಸನೆ. ಇನ್ನೊಂದು ದಿನವಾಗಿದ್ದರೆ ಮನಸ್ಸು ಅರಳುತ್ತಿತ್ತು.

ಚಿಕ್ಕಜಾಜೂರು ಜಂಕ್ಷನ್ ಕಾಣುತ್ತದೆ. ರೈಲು ಹಳಿ ಕವಲೊಡೆಯುವ ಜಾಗ, ಸಂದೇಹವೇ ಇಲ್ಲ. ಎಲ್ಲಿದ್ದೇನೆಂಬುದು ಗೊತ್ತಾಯಿತು. ಬಟನ್ ಒತ್ತಿ ಹೇಳುತ್ತೀರಿ. ಉತ್ತರವಿಲ್ಲ. ಮತ್ತೆ ಹೇಳುತ್ತೀರಿ. ಇಯರ್‌ಫೋನಿನಲ್ಲಿ ಬರೀ ಶ್ ಎಂಬ ಸದ್ದು.

ರೇಡಿಯೊ ಕೆಟ್ಟಿಲ್ಲ. ವಿಎಚ್‌ಎಫ್ ಅಲೆ ನೇರ ಗೆರೆಯಲ್ಲಿ ಹೋಗುತ್ತದೆ, ಗುಡ್ಡ ಬಳಸಿ ಬರುವುದಿಲ್ಲ. ನೆಲದಿಂದ 4,000 ಅಡಿ ಮೇಲಿದ್ದಾಗ ಎಪ್ಪತ್ತು ಮೈಲಿಗೂ ಆಚೆ ಕೇಳುವ ದನಿ, ನೀವು 1,300 ಅಡಿಗೆ ಇಳಿದ ಕೂಡಲೇ ಚನ್ನಗಿರಿ ಕಡೆಯ ಗುಡ್ಡಗಳ ಹಿಂದೆ ಉಳಿದುಬಿಟ್ಟಿದೆ. ಬೆಂಗಳೂರು ಜೋಗಿಮಟ್ಟಿಯ ಆಚೆ. ಮೇಲೆ ಹತ್ತಿದರೆ ಆಕೆಯ ದನಿ ಸಿಗುತ್ತದೆ, ನೆಲ ಕಾಣುವುದಿಲ್ಲ. ಕೆಳಗಿದ್ದರೆ ನೆಲ ಕಾಣುತ್ತದೆ, ದನಿ ಇಲ್ಲ.

ಗಂಟಲು ಒಣಗುತ್ತದೆ. ಹತ್ತಿಬಿಡಲೇ? ಒಂದೇ ನಿಮಿಷ, ಒಂದು ಮಾತು ಹೇಳಿ ಇಳಿದುಬಿಟ್ಟರೆ? ಬೇಡ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರಲು ಕಲಿತಿರದ 20 ಮಂದಿಗೆ ಹೊರಗಿನ ನೋಟ ಮುಚ್ಚಿ ಹಾರಲು ಹೇಳಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡುಗಳಲ್ಲಿ. ಬಿಳಿಯೊಳಗೆ ಹೊಕ್ಕ ಮೇಲೆ ಒಳಗಿವಿಯ ದ್ರವ ಹೇಳುವುದೇ ನಿಜವೆನಿಸುತ್ತದೆ. ವಿಮಾನ ವಾಲಿ ಸುತ್ತುತ್ತ ಇಳಿಯುತ್ತಿದ್ದರೂ ನೆಟ್ಟಗಿದ್ದೇನೆ ಎಂದು ಮೈ ಆಣೆಯಿಟ್ಟು ಹೇಳುತ್ತದೆ.

ಹಾಗಾದರೆ ಮುಂದೆ? ಶಿವಮೊಗ್ಗ ಇನ್ನು ಇಪ್ಪತ್ತು ನಿಮಿಷದ ದಾರಿಯೂ ಇಲ್ಲ. ಸೂಳೆಕೆರೆ ಕಂಡರೆ ಬಂದ ಹಾಗೆಯೇ. ಇಷ್ಟು ದೂರ ಬಂದು ಹಿಂದಿರುಗುವುದೇ? ಈ ಕೊನೆಯ ಪ್ರಶ್ನೆಗೆ ಎಷ್ಟು ಜನರ ಪ್ರಾಣ ಹೋಗಿದೆಯೋ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೇಳಿಕೊಳ್ಳುವಾಗ ಅದು ಛಲದಂತೆ ಕಾಣುತ್ತದೆ.

ಮುಂದಿನ ಗುಡ್ಡದ ತುದಿ ಮೋಡದೊಳಕ್ಕೆ ಹೋಯಿತು.

ಎಡಕ್ಕೆ ನೋಡಿ. ಹೊಸದುರ್ಗದ ಕಡೆ ಬೆಳಕಿದೆ. ಎಡಕ್ಕೆ ತಿರುಗಿ, ಈಗಲೇ. ಸೆಕೆಂಡಿಗೆ 3 ಡಿಗ್ರಿ, ಅದಕ್ಕಿಂತ ಕಡಿದಾಗಿ ಬೇಡ. ಎತ್ತರ ಬಿಡಬೇಡಿ. ನೆಲ ನೋಡಿ, ಮೀಟರು ನೋಡಿ, ನೆಲ ನೋಡಿ. ರೆಕ್ಕೆಯ ತುದಿಯಲ್ಲಿ ತೆಂಗಿನ ತೋಟ ತಿರುಗುತ್ತದೆ. ಮೊಣಕಾಲು ನಡುಗುತ್ತಿದೆ, ನಡುಗಲಿ. ಅರ್ಧ ಸುತ್ತಿಗೆ ಒಂದು ನಿಮಿಷ. ಇಷ್ಟು ಉದ್ದದ ನಿಮಿಷವನ್ನು ನೀವು ಬಾಳಿಲ್ಲ.

ಬಿಸಿಲು ಬೀಳುತ್ತದೆ. ಹತ್ತುತ್ತೀರಿ. 4,500. 5,500. ಸರಬರ ಸದ್ದು ಕಡಿದು ಗಂಡಸಿನ ದನಿಯೊಂದು ನಿಮ್ಮದೇ ಕರೆಹೆಸರು ಕೂಗುತ್ತದೆ. ಶಿವಮೊಗ್ಗಕ್ಕೆ ಹೊರಟಿರುವ ಎಟಿಆರ್ ವಿಮಾನದ ಪೈಲಟ್. "ಟವರ್ ನಿಮ್ಮನ್ನು ಆಗಿನಿಂದ ಕರೆಯುತ್ತಿದೆ. ಏನು ಹೇಳಬೇಕೋ ಹೇಳಿ, ನಾವು ಮುಟ್ಟಿಸುತ್ತೇವೆ." ಆ ದನಿಯಲ್ಲಿ ಬೈಗುಳವಿಲ್ಲ, ಕುತೂಹಲವೂ ಇಲ್ಲ. ಕಣ್ಣು ತುಂಬಿ ಬರುತ್ತದೆ.

ಈಗ ಹೇಳಬೇಕಾದ ಮಾತು ನಾಲಿಗೆಗೆ ಭಾರ. ಅದೇ ತರಂಗಾಂತರದಲ್ಲಿರುವವರೆಲ್ಲ ಕೇಳಿಸಿಕೊಳ್ಳುತ್ತಾರೆ. ಹೇಳಿ: ವಿಎಫ್‌ಆರ್ ಮುಂದುವರಿಸಲು ಅನೇಬಲ್. ಹೊಸದುರ್ಗದ ಉತ್ತರಕ್ಕಿದ್ದೇನೆ, 5,500 ಅಡಿ, ನೆಲ ಕಾಣುತ್ತಿದೆ.

ಎಟಿಆರ್ ಅಕ್ಷರ ಬಿಡದೆ ಮುಟ್ಟಿಸುತ್ತದೆ. ಇನ್ನೊಂದು ಸಾವಿರ ಅಡಿ ಹತ್ತುವಷ್ಟರಲ್ಲಿ ಆಕೆಯ ದನಿ ನೇರವಾಗಿ ಬರುತ್ತದೆ. ಅದೇ ನಿಧಾನ. ಆದರೆ ಮೊದಲ ಶಬ್ದಕ್ಕೆ ಮುಂಚೆ ಒಂದು ಉಸಿರು ಕೇಳಿಸುತ್ತದೆ. 30 ನಿಮಿಷ ನಿಮ್ಮ ಸುದ್ದಿ ಇಲ್ಲದಿದ್ದರೆ ಹುಡುಕಾಟದ ಮೊದಲ ಹಂತಕ್ಕೆ ಆಕೆ ಕೈ ಹಾಕಬೇಕಿತ್ತು. ನಿಮ್ಮ ಮುಂದಿನ ಮೋಡ ಆಕೆಗೆ ಕಾಣುವುದಿಲ್ಲ. ಕಣ್ಣಿನ ಹಾರಾಟದಲ್ಲಿ ಗುಡ್ಡ ತಪ್ಪಿಸಿಕೊಳ್ಳುವ ಹೊಣೆ ಪೈಲಟ್‌ನದೇ, ತಿರುಗು ಎಂದು ಆಕೆ ಹೇಳುವ ಹಾಗಿಲ್ಲ. ಕೇಳಬಹುದು.

"ಇಂಧನ ಎಷ್ಟು ಹೊತ್ತಿಗಿದೆ ಸರ್?"

"ಎರಡೂವರೆ ಗಂಟೆಗೆ, ಮೇಡಂ."

"ನಿಮ್ಮ ಉದ್ದೇಶ ತಿಳಿಸಿ."

ತೊಡೆಯ ಮೇಲಿನ ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಶಿವಮೊಗ್ಗದ ಮೇಲೆ ಗೆರೆ ಹೊಡೆಯುತ್ತೀರಿ. ಪಕ್ಕದಲ್ಲಿ ಜಕ್ಕೂರು ಎಂದು ಬರೆದು, ಸಂಜೆಯ ಬೆಳಕಿನ ಲೆಕ್ಕ ಹಾಕಿ, ಅಂದಾಜು ವೇಳೆ ಗುರುತಿಸುತ್ತೀರಿ. ಬಟನ್ ಒತ್ತಿ ಅದನ್ನೇ ಓದುತ್ತೀರಿ. ಆಕೆ ಅಂಕಿ ಅಂಕಿಯಾಗಿ ಮರಳಿ ಹೇಳುತ್ತಾರೆ. ಕೊನೆಯ ಅಂಕಿ ತಪ್ಪಾಗಿದೆ. ತಿದ್ದುತ್ತೀರಿ, ಆಕೆ ಇನ್ನೊಮ್ಮೆ ಹೇಳುತ್ತಾರೆ.