ಅಕ್ಕ ಆ ಕಾಲು ಮುಟ್ಟಲಿಲ್ಲ

ಮೊದಲೇ ಹೇಳಿಬಿಡುತ್ತೇವೆ, ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ಅಲ್ಲಲ್ಲಿ ಮಾಫಿ ಮಾಡಿರಿ. ಟೈಪ್ ಮಾಡಿದ ಕೈ ಒಂದೇ ಆದರೂ ಇದರಲ್ಲಿ ಬರುವ ತಪ್ಪು ಮೂವರದ್ದೂ. ಅದಕ್ಕೆ 'ನಾವು' ಅಂತಲೇ ಬರೆಯುತ್ತಿದ್ದೇವೆ.

ಮೂವರೂ ಹಾಸ್ಟೆಲ್‌ನ ಒಂದೇ ರೂಮಿನವರು. ಒಬ್ಬ ಖಾನಾಪುರದವ. ಇನ್ನೊಬ್ಬ ನಮ್ಮ ಬ್ರ್ಯಾಂಚಿನ ಗೋಲ್‌ಕೀಪರ್. ಮೂರನೆಯವ ಇದನ್ನು ಟೈಪ್ ಮಾಡುತ್ತಿರುವವ. ಹೆಸರು ಬೇಡ ಅಂತ ಮೂವರೂ ಸೇರಿ ಠರಾವು ಮಾಡಿದ್ದೇವೆ.

ಖಾನಾಪುರದವನಿಗೆ ಒಬ್ಬ ಅಕ್ಕ ಇದ್ದಾಳೆ. ನಮಗಿಂತ ಎರಡು ವರ್ಷ ದೊಡ್ಡವಳು. ಪಿಯುಸಿ ಸೈನ್ಸ್ ಓದಿ ನೀಟ್ ಬರೆದಳು, ರ‍್ಯಾಂಕ್ ಬರಲಿಲ್ಲ. ದುಡ್ಡು ಕೊಟ್ಟು ಬಿಎಎಂಎಸ್ ಓದಿಸುವಷ್ಟು ಮನೆಯಲ್ಲಿ ಇರಲಿಲ್ಲ. ಅದೇ ಹೊತ್ತಿಗೆ ತಮ್ಮನ ಇಂಜಿನಿಯರಿಂಗ್ ಫೀಸು ಬೇರೆ ಬಂತು. ಆಕೆ ಬೆಳಗಾವಿಯಲ್ಲಿ ಪಂಚಕರ್ಮ ಟೆಕ್ನಿಷಿಯನ್ ಕೋರ್ಸಿಗೆ ಸೇರಿದಳು. ಒಂದು ವರ್ಷದ ಕೋರ್ಸು. ಬೆಳಿಗ್ಗೆ ಖಾನಾಪುರದಿಂದ ಬಸ್ಸು, ಸಂಜೆ ವಾಪಸ್.

ನಮ್ಮೂರಿಗೆ ಆಯುರ್ವೇದ ಹೊಸದಲ್ಲ. ಶಹಾಪುರದ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ ಶುರುವಾಗಿದ್ದೇ 1933ರಲ್ಲಿ. ಮಾಲೀಶ್ ಅಂತೂ ಇನ್ನೂ ಹಳೇದು. ಆನಂದವಾಡಿ ಆಖಾಡದ ಕುಸ್ತಿ ನೋಡಿದವರಿಗೆ ಗೊತ್ತು, ತಾಲೀಮಿನಲ್ಲಿ ಪೈಲ್ವಾನರ ಮೈ ತಿಕ್ಕುವುದನ್ನು ನೋಡಿ ಯಾರೂ ನಗುವುದಿಲ್ಲ. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವುದನ್ನು ನೋಡಿಯೂ ಯಾರೂ ನಗುವುದಿಲ್ಲ. ಆದರೆ ಇಪ್ಪತ್ತೊಂದು ವರ್ಷದ ಹುಡುಗಿ "ಮಸಾಜ್ ಕಲಿಯಾಕತ್ತೀನಿ" ಅಂದರೆ ಮಾತ್ರ ನಗು ಬರುತ್ತದೆ. ಖಾನಾಪುರದಿಂದ ಗೋವಾ ದೂರ ಅಲ್ಲ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಬಂತು. "ಹಂಗಾದ್ರ ಗೋವಾದಾಗ ನೌಕರಿ ಏನು?" ಅಂತ ಕೇಳುವವರ ಮುಖದಲ್ಲಿ ಇನ್ನೇನೋ ಇರುತ್ತದೆ.

ನಾವೂ ನಕ್ಕಿದ್ದೇವೆ. ಈ ಲೇಖನದಲ್ಲಿ ಬರೆಯಲಿಕ್ಕೆ ಕಷ್ಟ ಆದದ್ದು ಇದೇ ಭಾಗ.

ಮೊದಲ ವರ್ಷದ ಎರಡನೇ ಸೆಮ್. ಕಾರಿಡಾರಿನಲ್ಲಿ ಏಳೆಂಟು ಜನ ಕೂತಿದ್ದೆವು. ಖಾನಾಪುರದವ ಅಕ್ಕನ ಜೊತೆ ಫೋನಿನಲ್ಲಿದ್ದ. ನಡುವೆ ಒಬ್ಬ ಸೀನಿಯರ್ "ನಿಮ್ಮಕ್ಕ ಏನ್ ಓದ್ತಾಳಲೇ?" ಅಂದ. ಇವನು ಫೋನು ಕೆಳಗಿಳಿಸಿ ಹೇಳಿದ. "ಓಹೋ, ಹಂಗಂದ್ರ ನಮಗೂ ಒಂದು ಅಪಾಯಿಂಟ್‌ಮೆಂಟ್ ಕೊಡಸಪಾ" ಅಂದ ಸೀನಿಯರ್. ಎಲ್ಲರೂ ನಕ್ಕರು. ಗೋಲ್‌ಕೀಪರ್ ನಕ್ಕ, ಟೈಪ್ ಮಾಡುತ್ತಿರುವವ ನಕ್ಕ. ಇನ್ನು ನಗದಿದ್ದರೆ ಹೆಂಗೆ ಅಂತ ತಮ್ಮನೂ ನಕ್ಕ. ಫೋನು ಕಟ್ ಆಗಿರಲಿಲ್ಲ. ಮತ್ತೆ ಕಿವಿಗೆ ಹಿಡಿದಾಗ ಆ ಕಡೆ ಬಸ್ಸಿನ ಸಪ್ಪಳ ಮಾತ್ರ ಇತ್ತು. ಆಮೇಲೆ ಅಕ್ಕ "ಆತು, ನಾಳೆ ಮಾಡ್ತೀನಿ" ಅಂದು ಇಟ್ಟಳು.

ಅದಾದ ಮೇಲೆ ಆ ಬಗ್ಗೆ ಯಾರೂ ಮಾತಾಡಲಿಲ್ಲ. ಇವನು ಮಾತ್ರ ಯಾರು ಕೇಳಿದರೂ "ಅಕ್ಕ ಹಾಸ್ಪಿಟಲ್‌ನಾಗ ಅದಾಳ" ಅಂತ ಹೇಳಲು ಶುರು ಮಾಡಿದ. ಸುಳ್ಳಲ್ಲ. ಆದರೆ ಪೂರ್ತಿ ಖರೆನೂ ಅಲ್ಲ.

ಆಮೇಲೆ ಗೋಲ್‌ಕೀಪರ್ ಬೈಕಿನಿಂದ ಬಿದ್ದ. ಎಡಗಾಲಿನ ಎಲುಬು ಬಿರುಕು ಬಿಟ್ಟಿತ್ತು. ಮೊಣಕಾಲಿನ ಕೆಳಗೆ ಆರು ವಾರ ಪ್ಲಾಸ್ಟರ್. ಅದನ್ನು ಬಿಚ್ಚಿದಾಗ ಕಾಲು ಸಣ್ಣಗಾಗಿತ್ತು. ನಡೆಯುತ್ತಾ ನಡೆಯುತ್ತಾ ಸರಿ ಹೋಗುತ್ತದೆ ಅಂದರು. ಒಂದು ವಾರ ಕಳೆದ ಮೇಲೆ ಸಣ್ಣಗಾಗಿದ್ದ ಅದೇ ಮೀನಖಂಡ ಬಾತುಕೊಂಡಿತು. ನೋವು, ಸ್ವಲ್ಪ ಬಿಸಿ. "ಪ್ಲಾಸ್ಟರ್ ಬಿಚ್ಚಿದ ಮ್ಯಾಲ ನಸ ಹಿಡೀತಾವ, ಎಣ್ಣಿ ಹಚ್ಚಿ ಗಟ್ಟಿ ತಿಕ್ಕು" ಅಂತ ಜಿಮ್ಮಿಗೆ ಹೋಗುವ ಒಬ್ಬ ಹೇಳಿದ. ಶುಕ್ರವಾರ ರಾತ್ರಿ ನಾವಿಬ್ಬರು ಕೊಬ್ಬರಿ ಎಣ್ಣೆ ಹಚ್ಚಿ ಸರದಿ ಪ್ರಕಾರ ತಿಕ್ಕಿದೆವು. ಅವನು ಚೀರಿದಷ್ಟೂ ನಸ ಬಿಡುತ್ತಾ ಇದೆ ಅಂತ ತಿಳಿದೆವು. ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಸಹ ಹಚ್ಚಿಕೊಂಡಿದ್ದೆವು.

ಭಾನುವಾರ ಖಾನಾಪುರಕ್ಕೆ ಊಟಕ್ಕೆ ಕರೆದಿದ್ದರು. ಬಸ್ಸು ಹತ್ತಿದೆವು. ನಮ್ಮೆಲ್ಲರ ಮಾರ್ಕ್ಸ್ ಕಾರ್ಡಿನ ತವರಾದ ವಿಟಿಯು ಇರುವ ಮಚ್ಛೆ ದಾಟಿ, ದೇಸೂರು ಕ್ರಾಸ್ ದಾಟಿ, ಗಿಡಗಳು ದಟ್ಟ ಆಗುತ್ತಾ ಹೋಗುವ ರಸ್ತೆ. ಇಳಿಯುವ ಹೊತ್ತಿಗೆ ಗೋಲ್‌ಕೀಪರನ ಚಪ್ಪಲಿಯ ಪಟ್ಟಿ ಕಾಲಿಗೆ ಒತ್ತುತ್ತಿತ್ತು.

ಆ ಮನೆಯಲ್ಲಿ ಆಯಿ ಇದ್ದಾರೆ, ಅಪ್ಪನ ತಾಯಿ. ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುತ್ತಾರೆ. ಓಣಿಯ ಅದೆಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದ ಕೈ ಅವರದು. ಮೊಮ್ಮಗಳು ಕೋರ್ಸಿಗೆ ಸೇರಿದಾಗ ಆಯಿ ಕೇಳಿದ್ದರಂತೆ, "ಎಣ್ಣಿ ಹಚ್ಚಾಕೂ ಸರ್ಟಿಫಿಕೇಟ್ ಬೇಕೇನ ಬೇ?" ಅಂತ. ಓಣಿಯಲ್ಲಿ ಈಗಲೂ ಅದನ್ನು ಹೇಳಿ ನಗುತ್ತಾರೆ.

ಊಟ ಆಯಿತು. ಆಯಿ ಗೋಲ್‌ಕೀಪರನ ಕಾಲು ನೋಡಿದರು. "ಬಾ ಬಾಳಾ, ಇಲ್ಲಿ ಚಾಚು" ಅಂದು ಬಟ್ಟಲಲ್ಲಿ ಎಳ್ಳೆಣ್ಣೆ ಬಿಸಿ ಮಾಡಿಕೊಂಡು ಬಂದರು. ಗೋಲ್‌ಕೀಪರ್ ಖುಷಿಯಿಂದ ಕಾಲು ಚಾಚಿದ. ಆಯಿಯ ಕೈ ಇನ್ನೇನು ಕಾಲಿಗೆ ತಾಗಬೇಕು, ಅಡುಗೆಮನೆಯಿಂದ ಬಂದ ಅಕ್ಕ ಆ ಕೈಯನ್ನು ಹಿಡಿದಳು.

"ಆಯಿ, ತಡಿ. ಮುಟ್ಟಬ್ಯಾಡ."

ಆ ಮನೆಯಲ್ಲಿ ಆಯಿಯ ಕೈ ಹಿಡಿದು ತಡೆದವರನ್ನು ತಮ್ಮನೂ ಅಲ್ಲಿಯತನಕ ನೋಡಿರಲಿಲ್ಲವಂತೆ.

ಅಕ್ಕ ಎದುರಿಗೆ ಕೂತಳು. ಕಾಲಿಗೆ ಕೈ ಹಚ್ಚಲಿಲ್ಲ, ಬರೇ ನೋಡಿದಳು. ಎರಡೂ ಪ್ಯಾಂಟು ಮೇಲಕ್ಕೆ ಮಡಚಲು ಹೇಳಿದಳು. ಹೊಲಿಗೆ ಮಷೀನಿನ ಡಬ್ಬಿಯಿಂದ ಟೇಪು ತರಿಸಿ, ಎರಡೂ ಮೀನಖಂಡದ ಸುತ್ತ ಒಂದೇ ಎತ್ತರದಲ್ಲಿ ಮೆತ್ತಗೆ ಹಿಡಿದು ಅಳೆದಳು. ಮೂರೂವರೆ ಸೆಂಟಿಮೀಟರ್ ಫರಕು. ಪ್ಲಾಸ್ಟರ್ ಎಷ್ಟು ದಿನ ಇತ್ತು, ಬಿಚ್ಚಿ ಎಷ್ಟು ದಿನ ಆಯಿತು, ಉಸಿರು ಕಟ್ಟುತ್ತದೇನು, ಎದೆ ನೋವು ಇದೆಯೇನು, ಕೆಮ್ಮು ಇದೆಯೇನು ಅಂತ ಒಂದೊಂದಾಗಿ ಕೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಯಾರರ ತಿಕ್ಕೀರೇನು ಇದನ್ನ?"

ನಾವಿಬ್ಬರೂ ನೆಲ ನೋಡಿದೆವು.

ಅಕ್ಕ ಬೈಯಲಿಲ್ಲ. ತನಗೆ ಕಲಿಸುವ ಡಾಕ್ಟರಿಗೆ ಫೋನ್ ಮಾಡಿದಳು. ಎರಡು ನಿಮಿಷ ಮಾತಾಡಿ "ಈಗ ಹೋಗ್ರಿ, ನಾಳೆ ಅಲ್ಲ, ಈಗ" ಅಂದಳು. ಪಕ್ಕದ ಮನೆಯ ಓಮ್ನಿ ಸಿಕ್ಕಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಕಾಲಿಗೆ ಡಾಪ್ಲರ್ ಸ್ಕ್ಯಾನ್ ಮಾಡಿದರು. ಮೊಣಕಾಲಿನ ಹಿಂದಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದಕ್ಕೆ ಡಿವಿಟಿ ಅಂತಾರೆ. ಬಹಳ ದಿನ ಕಾಲು ಅಲ್ಲಾಡಿಸದೆ ಇಟ್ಟರೆ ಹೀಗೆ ಆಗಬಹುದು. ಆ ಹೆಪ್ಪು ಕಿತ್ತು ಬಂದರೆ ಎಲ್ಲಿಗೆ ಹೋಗುತ್ತದೆ ಅಂತ ಡಾಕ್ಟರ್ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಅಭಿಧಮನಿಗಳು ಹೃದಯದ ಕಡೆ ಹೋದಂತೆ ದೊಡ್ಡದಾಗುತ್ತವೆ. ಹಾಗಾಗಿ ದಾರಿಯಲ್ಲಿ ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಹೃದಯ ದಾಟುತ್ತದೆ, ಹೋಗಿ ಸಿಕ್ಕಿಕೊಳ್ಳುವುದು ಶ್ವಾಸಕೋಶದಲ್ಲಿ. ಅದು ಜೀವಕ್ಕೇ ಅಪಾಯ. ಗಟ್ಟಿ ತಿಕ್ಕಿದರೆ ಹೆಪ್ಪು ಕಿತ್ತು ಬರಬಹುದು. ಪೈಪಿನಲ್ಲಿ ನೀರಿನ ಹರಿವಿನ ಬಗ್ಗೆ ಎಷ್ಟೋ ಪ್ರಾಬ್ಲಮ್ ಬಿಡಿಸುವ ನಾವು ಆ ಗೆರೆ ನೋಡುತ್ತಾ ಸುಮ್ಮನೆ ನಿಂತೆವು. ಶುಕ್ರವಾರ ರಾತ್ರಿ ಅವನು ಚೀರಿದ್ದು ಕಿವಿಯಲ್ಲಿತ್ತು.

ಗೋಲ್‌ಕೀಪರ್ ಈಗ ಆರಾಮ ಇದ್ದಾನೆ. ರಕ್ತ ತೆಳು ಮಾಡುವ ಗುಳಿಗೆ ಮೂರು ತಿಂಗಳು ನುಂಗಿದ.

ಇದಾದ ಮೇಲೆ ನಾವು ಅಕ್ಕನನ್ನು ಪ್ರಶ್ನೆ ಕೇಳಲು ಶುರು ಮಾಡಿದೆವು. ಒಂದು ವರ್ಷ ಏನು ಕಲಿಸುತ್ತಾರೆ? ಎಣ್ಣೆ ಹಚ್ಚಲಿಕ್ಕೆ ಒಂದು ವರ್ಷ ಬೇಕಾ? ಈ ಸಲ ಖರೇನೇ ತಿಳಿಯಲಿಕ್ಕೆ ಕೇಳಿದೆವು.

ಎಣ್ಣೆ ಹಚ್ಚುವುದಕ್ಕೆ ಅಲ್ಲಿ ಅಭ್ಯಂಗ ಅಂತಾರೆ. ಪಂಚಕರ್ಮ ಅಂದರೆ ಅದೇ ಅಂತ ನಾವು ತಿಳಿದಿದ್ದೆವು. ಅಲ್ಲ. ವಮನ, ವಿರೇಚನ, ಬಸ್ತಿ, ನಸ್ಯ, ರಕ್ತಮೋಕ್ಷಣ ಇವು ಐದು ಕರ್ಮ. ಅಭ್ಯಂಗ ಅದಕ್ಕಿಂತ ಮೊದಲಿನ ತಯಾರಿ, ಪೂರ್ವಕರ್ಮ. ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ವೈದ್ಯರು ಬರೆದುಕೊಡುತ್ತಾರೆ, ಟೆಕ್ನಿಷಿಯನ್ ಮಾಡುತ್ತಾರೆ. ರೋಗಿಯನ್ನು ದ್ರೋಣಿ ಅನ್ನುವ ಕಟ್ಟಿಗೆಯ ಮಂಚದ ಮೇಲೆ ಮಲಗಿಸುತ್ತಾರೆ. ಎರಡೂ ಬದಿ ಇಬ್ಬರು ನಿಂತು, ಇಬ್ಬರ ಕೈಯೂ ಒಂದೇ ವೇಗ, ಒಂದೇ ಒತ್ತಡದಲ್ಲಿ ಹೋಗಬೇಕು. ಕೈಕಾಲಿನ ಮೇಲೆ ಉದ್ದಕ್ಕೆ, ಸಂದುಗಳ ಮೇಲೆ ದುಂಡಗೆ. ಕೂತು, ಅಂಗಾತ, ಮಗ್ಗಲು ಹೀಗೆ ಏಳು ಭಂಗಿ. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ. ಎಣ್ಣೆಯನ್ನು ಸೀದಾ ಒಲೆಯ ಮೇಲೆ ಇಡುವುದಿಲ್ಲ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕಾಯಿಸಿ, ಮೊದಲು ತಮ್ಮ ಮುಂಗೈ ಮೇಲೆ ಹಾಕಿ ನೋಡಬೇಕು. ಉಗುರು ಇರಬಾರದು, ಉಂಗುರ, ಬಳೆ ಇರಬಾರದು. ಅಕ್ಕನ ಕೈ ಯಾವಾಗಲೂ ಬೋಳು ಯಾಕೆ ಅಂತ ಓಣಿಯವರು ಕೇಳುತ್ತಿದ್ದದ್ದಕ್ಕೆ ಉತ್ತರ ಇದು.

"ಹಚ್ಚೋದು ಮೂರು ತಿಂಗಳದಾಗ ಬರ್ತದ. ಉಳಿದಿದ್ದೆಲ್ಲಾ ಯಾರಿಗೆ ಹಚ್ಚಬಾರ್ದು ಅನ್ನೋದು" ಅಂದಳು ಅಕ್ಕ. ಜ್ವರ ಇದ್ದವರಿಗೆ ಬೇಡ, ಅಜೀರ್ಣ ಆದವರಿಗೆ ಬೇಡ ಅನ್ನುವುದು ಆಯುರ್ವೇದದ ಹಳೇ ಗ್ರಂಥಗಳಲ್ಲೇ ಇದೆ. ಒಂದೇ ಕಾಲು ಬಾತು ಬಿಸಿಯಾದರೆ ಬೇಡ ಅನ್ನುವುದನ್ನು ಆಸ್ಪತ್ರೆಯ ಪಾಠದಲ್ಲಿ ಹೇಳಿದ್ದರಂತೆ.

ಇನ್ನೊಂದು ಹುಡುಕಿದೆವು, ಇದಕ್ಕೆ ಲೈಸೆನ್ಸ್ ಇದೆಯಾ ಅಂತ. ಜಪಾನಿನಲ್ಲಿ 1947ರಿಂದ ಕಾನೂನು ಇದೆ. ಕನಿಷ್ಠ ಮೂರು ವರ್ಷ ಓದಿ, ಇಡೀ ದೇಶಕ್ಕೆ ಒಂದೇ ಪರೀಕ್ಷೆ ಪಾಸಾಗಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1000 ತಾಸು ಕಲಿತು ಪರೀಕ್ಷೆ ಬರೆದವರಿಗೆ ಮಾತ್ರ ಲೈಸೆನ್ಸ್. ನಮ್ಮಲ್ಲಿ ಆಯುರ್ವೇದ ವೈದ್ಯರಿಗೆ 2020ರ ಕಾಯ್ದೆ ಇದೆ, ಫಿಸಿಯೋಥೆರಪಿಗೆ 2021ರ ಕಾಯ್ದೆ ಇದೆ. ಮಸಾಜ್ ಮಾಡುವವರಿಗೆ ಅಂತ ಅಂಥ ಲೈಸೆನ್ಸ್ ಇಲ್ಲ. ಕೋರ್ಸು ಮುಗಿಸಿದ ಸರ್ಟಿಫಿಕೇಟ್ ಇದೆ, ಅಷ್ಟೇ. ಅಂಗಡಿಗೆ ಪಾಲಿಕೆಯ ಪರವಾನಗಿ ಕೇಳುತ್ತಾರೆ, ಒಳಗಿನ ಕೈ ಏನು ಕಲಿತಿದೆ ಅಂತ ಎಲ್ಲ ಕಡೆ ಕೇಳುವುದಿಲ್ಲ. ವರ್ಷ ಕೂತು ಕಲಿತವಳನ್ನೂ ಏನೂ ಕಲಿಯದವರನ್ನೂ ಜನ ಒಂದೇ ಹೆಸರಿನಿಂದ ಕರೆಯುತ್ತಾರೆ, ಒಂದೇ ರೀತಿ ನಗುತ್ತಾರೆ. ನಾವು ಮಾಡಿದ್ದೂ ಅದನ್ನೇ.

ಆಯಿಗೆ ಅವತ್ತು ಸಿಟ್ಟು ಬಂದಿತ್ತು. ಎರಡು ದಿನ ಮೊಮ್ಮಗಳ ಜೊತೆ ಮಾತಾಡಲಿಲ್ಲವಂತೆ. ಸ್ಕ್ಯಾನಿನ ಸುದ್ದಿ ಕೇಳಿದ ಮೇಲೂ "ನನ್ನ ಕೈಲಿ ಇವತ್ತಿನತನಕ ಯಾರಿಗೂ ಏನೂ ಆಗಿಲ್ಲ" ಅಂದರಂತೆ. ಅದು ಸುಳ್ಳಲ್ಲ. ಅಕ್ಕನೂ ಅದನ್ನೇ ಹೇಳುತ್ತಾಳೆ, ಒತ್ತಡ ಎಷ್ಟಿರಬೇಕು ಅನ್ನುವುದು ಅವಳಿಗೆ ಕ್ಲಾಸಿಗಿಂತ ಮೊದಲು ಆಯಿಯ ಕೈಯಿಂದ ಗೊತ್ತಾಗಿದ್ದು. ಮೂರನೇ ದಿನ ಓಣಿಯಲ್ಲಿ ಒಂದು ಕೂಸಿಗೆ ಎರೆಯಲು ಕರೆ ಬಂತು. ಹೊರಡುವ ಮೊದಲು ಆಯಿ ಅಕ್ಕನ ಬಾಗಿಲಲ್ಲಿ ನಿಂತು, "ಕೂಸಿಗೆ ನಿನ್ನೆ ಮೈ ಬಿಸಿ ಇತ್ತಂತ. ಹಚ್ಚಲ್ಯೋ ಬ್ಯಾಡೋ?" ಅಂತ ಕೇಳಿದರಂತೆ. ಅಕ್ಕ "ಜ್ವರ ಪೂರ್ತಿ ಬಿಡಲಿ ಆಯಿ, ಡಾಕ್ಟರಿಗೆ ತೋರ್ಸಾಕ ಹೇಳು" ಅಂದಳು. ಆಯಿ ಹೋಗಿ ಅಷ್ಟೇ ಹೇಳಿ ಬಂದರು.

ಅಕ್ಕನ ಪರೀಕ್ಷೆ ಕಳೆದ ತಿಂಗಳು ಮುಗಿಯಿತು, ಪಾಸಾದಳು. ಬೆಳಗಾವಿಯಲ್ಲೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಹಾಸ್ಟೆಲ್ ಕಾರಿಡಾರಿನಲ್ಲಿ ಹೊಸ ಜೂನಿಯರ್ ಒಬ್ಬ ಖಾನಾಪುರದವನನ್ನು ಕೇಳಿದ, "ಅಣ್ಣಾ, ನಿಮ್ಮಕ್ಕ ಏನ್ ಮಾಡ್ತಾರ?" "ಪಂಚಕರ್ಮ ಟೆಕ್ನಿಷಿಯನ್. ಮಸಾಜ್ ಮಾಡ್ತಾಳ" ಅಂದ ಇವನು. ಒಬ್ಬ ನಗಲು ಬಾಯಿ ತೆರೆದ. ಗೋಲ್‌ಕೀಪರ್ ತನ್ನ ಎಡಗಾಲಿನ ಪ್ಯಾಂಟು ಮಡಚಿ ಕಥೆ ಶುರು ಮಾಡಿದ. ಈಗ ಯಾರಿಗೆ ಬೇಕೋ ಬೇಡವೋ, ಎಲ್ಲರಿಗೂ ಆ ಕಥೆ ಹೇಳುತ್ತಾನೆ.

ಓದುವವರಿಗೆ ಒಂದೇ ಮಾತು: ಪ್ಲಾಸ್ಟರ್ ಬಿಚ್ಚಿದ ಮೇಲೆ ಅಥವಾ ಬಹಳ ದಿನ ಮಲಗಿ ಎದ್ದ ಮೇಲೆ ಒಂದೇ ಕಾಲು ಬಾತರೆ ತಿಕ್ಕಬೇಡಿರಿ, ತಿಕ್ಕಿಸಿಕೊಳ್ಳಬೇಡಿರಿ. ಅವತ್ತೇ ಆಸ್ಪತ್ರೆಗೆ ಹೋಗಿರಿ.

ಇನ್ನೊಂದು ಮಾತು ಅಕ್ಕನಿಗೆ. ಅಕ್ಕಾ, ತಮ್ಮನ ಹೆಸರು ಇರಬಹುದು ಅಂತ ನೀ ಪ್ರತಿ ಸಂಚಿಕೆ ಓದ್ತಿ ಅಂತ ಗೊತ್ತು. ಅವತ್ತು ಬಸ್ಸಿನಾಗ ನಿನಗ ಕೇಳಿಸಿದ್ದು ನಮ್ಮ ನಗುನೇ. ಓಮ್ನಿ ಹತ್ತುವಾಗ ಹೇಳಬೇಕು ಅಂತಿದ್ವಿ, ಬಾಯಿ ಬರಲಿಲ್ಲ. ಆಮೇಲೆ ನಾಲ್ಕು ಸಲ ನಿಮ್ಮ ಮನಿಗೆ ಬಂದು ಊಟ ಮಾಡಿ ಹೋದ್ವಿ, ಆಗಲೂ ಹೇಳಲಿಲ್ಲ. ತಪ್ಪಾತು. ಮೂವರದ್ದೂ.